ನಮ್ಮ ಸರೋವರಕ್ಕೆ ಟ್ರೌಟ್ ಮೀನು ಯಾವಾಗ ಬಿಡಬೇಕು? ಅನುಭವ ಇದ್ದವರು ಹೇಳಿ

ನೀರಂಚು: ನಮ್ಮ ಗಾಳದ ಸಂಘ ಒಂದು ಸಣ್ಣ ಸರೋವರ ನೋಡಿಕೊಳ್ಳುತ್ತದೆ. ಆಳ ಹೆಚ್ಚೆಂದರೆ 6 ಮೀಟರ್. ಬೇಸಿಗೆಯಲ್ಲಿ ಮೇಲ್ನೀರು 23 ಡಿಗ್ರಿ ದಾಟುತ್ತದೆ. ಒಂದು ತೊರೆ ಹೊರಗೆ ಹರಿದು ಹೋಗುತ್ತದೆ. ಮೀನುಗಾರಿಕೆ ಅಧಿಕಾರಿ ಶರತ್ಕಾಲದಲ್ಲಿ ರೇನ್‌ಬೋ ಟ್ರೌಟ್ ಮರಿ ಬಿತ್ತನೆ ಮಾಡಿ ಅನ್ನುತ್ತಾರೆ. ಸದಸ್ಯರಿಗೆ ವಸಂತದಲ್ಲಿ, ಸೀಸನ್ ಶುರುವಾಗುವ ಮುಂಚೆ, ಹಿಡಿಯುವ ಸೈಜಿನ ಮೀನೇ ಬೇಕು. ಅಧಿಕಾರಿಗಳು ಜಾಗ, ಕಾಲ ಯಾವ ಲೆಕ್ಕದಲ್ಲಿ ತೀರ್ಮಾನಿಸುತ್ತಾರೆ?

ಲಾರಿಟ್ಯಾಂಕ್: ಹ್ಯಾಚರಿಯಲ್ಲಿ, ಅಂದರೆ ಮೀನಿನ ಮೊಟ್ಟೆ ಒಡೆಸಿ ಮರಿ ಬೆಳೆಸುವ ಕಡೆ, ಕೆಲಸ ಮಾಡಿದವನು ನಾನು. ನೀರಿನ ಪರೀಕ್ಷೆ, ನಕ್ಷೆ ಎಲ್ಲಾ ಇರುತ್ತವೆ, ಇಲ್ಲ ಅನ್ನಲ್ಲ. ಆದರೆ ತಾರೀಖು ಬೀಳುವುದು ತೊಟ್ಟಿ ಯಾವಾಗ ಖಾಲಿಯಾಗಬೇಕು ಅನ್ನುವುದರ ಮೇಲೆ. 10 ಡಿಗ್ರಿ ನೀರಿನಲ್ಲಿ ರೇನ್‌ಬೋ ಮೊಟ್ಟೆ ಒಡೆಯಲು ಸುಮಾರು ಒಂದು ತಿಂಗಳು ಬೇಕು. ಅದೇ ಮೀನು 25 ಸೆಂಟಿಮೀಟರ್ ಆಗಲು ವರ್ಷದ ಮೇಲೆ ಹಿಡಿಯುತ್ತದೆ. ಅಷ್ಟರಲ್ಲಿ ಮುಂದಿನ ತಂಡದ ಮರಿಗಳಿಗೆ ಜಾಗ ಬೇಕು. ಆಗ ಫೋನು: ‘ನಾಳೆ ಲಾರಿ ಬರುತ್ತೆ, ರೆಡಿ ಇರಿ.’

ಸಾಗಣೆಯ ಖರ್ಚು ಯಾರೂ ಕೇಳುವುದಿಲ್ಲ. ಹೊರಡುವ ಒಂದೆರಡು ದಿನ ಮುಂಚೆಯೇ ಆಹಾರ ನಿಲ್ಲಿಸಬೇಕು. ಇಲ್ಲದಿದ್ದರೆ ದಾರಿಯಲ್ಲಿ ಟ್ಯಾಂಕಿನ ನೀರಿಗೆ ಅಮೋನಿಯ ಏರುತ್ತದೆ. ಆಮ್ಲಜನಕದ ಸಿಲಿಂಡರ್, ಅದಕ್ಕೊಂದು ಹೆಚ್ಚುವರಿ ರೆಗ್ಯುಲೇಟರ್, ಐಸು, ಡೀಸೆಲ್, ಇಬ್ಬರು ಆಳು. ಒಮ್ಮೆ ಸೇತುವೆ ಮುಚ್ಚಿ ಲಾರಿ ಬಿಸಿಲಲ್ಲೇ ನಿಂತಿತ್ತು. ಹೇಗೋ ಉಳಿಸಿಕೊಂಡು ಹೋದೆವು. ಟ್ಯಾಂಕ್ ನೀರು 9 ಡಿಗ್ರಿ, ಸರೋವರ 17. ಸ್ವಲ್ಪ ಸ್ವಲ್ಪ ನೀರು ಬೆರೆಸಿ ಹೊಂದಿಸಬೇಕು ಅಂದೆ. ದಡದಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದವರಿಗೆ ತಾಳ್ಮೆ ಇರಲಿಲ್ಲ, ‘ಬಿಡ್ರೀ ಬೇಗ’ ಅಂದರು. ಮರುದಿನ ದಡಕ್ಕೆ ಬಿದ್ದ ಮೀನು ಎಣಿಸಿ, ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿದವರು ನಾವು. ರಿಪೋರ್ಟಿನಲ್ಲಿ ‘ಸಾಗಣೆ ನಷ್ಟ’ ಅಂತ ಬಂತು. ನಮ್ಮ ತಲೆಗೆ.

ತಣ್ಣೀರು: ಶರತ್ಕಾಲವೇ ಸರಿ. ನಾವು ಹಟ ಹಿಡಿದು ಅದನ್ನೇ ಮಾಡಿದೆವು, ಇವತ್ತಿಗೂ ಹೆಮ್ಮೆ ಇದೆ. ನೀರು ತಣ್ಣಗಾಗುತ್ತಾ ಬರುತ್ತದೆ. ಮೇಲಿನ ನೀರು ಕೆಳಗಿನದು ಬೆರೆತು ತಳಕ್ಕೂ ಉಸಿರು ಸಿಗುತ್ತದೆ. ಮರಿಗಳಿಗೆ ಚಳಿಗಾಲ, ವಸಂತ ಎರಡೂ ಬೆಳೆಯಲು ಇರುತ್ತವೆ. ವಸಂತದಲ್ಲಿ ದುಡ್ಡು ಸುರಿದು ದೊಡ್ಡ ಮೀನು ಬಿಟ್ಟರೆ ಮುಂದೆ ಇರುವುದು ಬೇಸಿಗೆ. 20 ಡಿಗ್ರಿ ದಾಟಿದರೆ ಟ್ರೌಟ್ ತಿನ್ನುವುದು ಕಡಿಮೆ ಮಾಡುತ್ತದೆ. 25ರ ಹತ್ತಿರ ಬದುಕುವುದೇ ಕಷ್ಟ. ಮೇಲೆ ಬಿಸಿ, ಕೆಳಗೆ ಆಮ್ಲಜನಕ ಇಲ್ಲ. ಮಧ್ಯದ ಒಂದು ತೆಳು ಪದರದಲ್ಲಿ ಮೀನೆಲ್ಲಾ ಒತ್ತೊತ್ತಾಗಿ ಸಿಕ್ಕಿಕೊಳ್ಳುತ್ತವೆ.

ಬೇಸಿಗೆ ದಾಟಿಸಲು ಗಾಳಿ ಊದುವ ಯಂತ್ರ ಹಾಕಿದೆವು. ಅದರ ಡಯಾಫ್ರಾಮ್ ಹರಿಯುತ್ತಿತ್ತು, ಪೈಪಿಗೆ ಪಾಚಿ ಕಟ್ಟುತ್ತಿತ್ತು, ರಾತ್ರಿ ಕರೆಂಟು ಹೋಗುತ್ತಿತ್ತು. ಜನರೇಟರ್ ತಂದರೆ ಅದರ ಸದ್ದಿಗೆ ಅಕ್ಕಪಕ್ಕದವರ ದೂರು. ಕೊನೆಗೆ ಯಂತ್ರ ಮಾರಿದೆವು. ಈಗ ಪ್ರತಿ ಮೀಟರಿಗೂ ಉಷ್ಣತೆ, ಆಮ್ಲಜನಕ ಅಳೆದು, ಲೀಟರಿಗೆ 6 ಮಿಲಿಗ್ರಾಂ ಸಿಗುವ ತಣ್ಣನೆ ಪದರ ಎಷ್ಟಿದೆಯೋ ಅಷ್ಟಕ್ಕೇ ಮರಿ.

ಹಳೇಗಾಳ: ತಣ್ಣೀರು ಅವರೇ, ನಿಮ್ಮ ನೀರಿನಲ್ಲಿ ಬೇರೆ ಮೀನು ತಿನ್ನುವ ಪೈಕ್ ಮೀನು ಇಲ್ಲ ಅಂತ ಕಾಣುತ್ತೆ. ನಮ್ಮಲ್ಲಿತ್ತು. ಅಧಿಕಾರಿ ಮಾತು ಕೇಳಿ ಬೆರಳುದ್ದದ ಮರಿ ಬಿಟ್ಟರು. ಪೈಕ್ ತಿಂದಿತು, ನೀರುಕಾಗೆ ತಿಂದಿತು. ಚಳಿಗಾಲದಲ್ಲಿ ಹಿಮದ ಕೆಳಗೆ ಉಸಿರು ಕಟ್ಟಿ ಉಳಿದದ್ದೂ ಹೋಯಿತು. ಮುಂದಿನ ಸೀಸನ್ನಿನಲ್ಲಿ ಸದಸ್ಯರು ಖಾಲಿ ಬುಟ್ಟಿ ಹಿಡಿದು ಬಂದು ನನ್ನನ್ನು ಬೈದರು. ಆಮೇಲೆ ಬಿಟ್ಟು ಹಿಡಿಯುವ ಲೆಕ್ಕವೇ. ವಸಂತದಲ್ಲಿ ಬಲಿತ ಮೀನು ಬಿಡು, ಬೇಸಿಗೆ ಬರುವಷ್ಟರಲ್ಲಿ ಹಿಡಿದು ಮುಗಿಸು. ಅದೂ ಒಂದೇ ಸಲ ಅಲ್ಲ, ಕಂತಿನಲ್ಲಿ. ಹೇಗೂ ಸಾಯುವ ಮೀನಿಗೆ ಜನರೇಟರ್ ಯಾಕೆ?

ತಣ್ಣೀರು: ಅದಕ್ಕೆ ಮೀನು ಸಾಕಣೆ ಅನ್ನಬೇಡಿ, ಸೂಪರ್ ಮಾರ್ಕೆಟ್ ಅನ್ನಿ.

ಹಳೇಗಾಳ: ಅನ್ನಿ ಪರವಾಗಿಲ್ಲ. ಲೈಸೆನ್ಸ್ ದುಡ್ಡು ಕೊಡುವವರು ನಮ್ಮ ಕಡೆಯವರೇ.

ಕಾಡುಹೊಳೆ: ಯಾವಾಗ ಅಂತ ಜಗಳ ಆಡುತ್ತಿದ್ದೀರಿ. ಬಿಡಲೇಬೇಕಾ ಅಂತ ಒಬ್ಬರೂ ಕೇಳಲಿಲ್ಲ. ಅಮೆರಿಕದ ಮೊಂಟಾನಾದಲ್ಲಿ ಮ್ಯಾಡಿಸನ್ ನದಿಯಲ್ಲಿ ಅಧ್ಯಯನ ಮಾಡಿದರು. ಹ್ಯಾಚರಿ ಮೀನು ಬಿಡುವುದು ನಿಲ್ಲಿಸಿದ ಮೇಲೆ ಅಲ್ಲೇ ಹುಟ್ಟಿ ಬೆಳೆದ ಟ್ರೌಟ್ ಜಾಸ್ತಿಯಾದವು. 1974ರಿಂದ ಕಾಡು ಟ್ರೌಟ್ ಇರುವ ಹೊಳೆಗಳಿಗೆ ಬಿತ್ತನೆಯನ್ನೇ ಕೈಬಿಟ್ಟರು. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳ ಎತ್ತರದ, ಮೀನೇ ಇಲ್ಲದ ಸರೋವರಗಳಿಗೆ ವಿಮಾನದಿಂದ ಮರಿ ಸುರಿದರು, ಅಲ್ಲಿನ ಕಪ್ಪೆಗಳು ಬರಿದಾದವು. ಮೀನು ತೆಗೆದ ಕಡೆ ಕಪ್ಪೆ ಮತ್ತೆ ಬಂದವು. ನಮ್ಮ ಹೊಳೆಗೆ ಹ್ಯಾಚರಿ ಮೀನು ಬಿಡಬೇಡಿ ಅಂತ ಬೇಡಿಕೊಂಡೆವು. ಸಭೆಯಲ್ಲಿ ನಕ್ಕರು.

ಲಾರಿಟ್ಯಾಂಕ್: ಅರ್ಧ ಕಥೆ ಹೇಳಬೇಡಿ. ಅದೇ ಮ್ಯಾಡಿಸನ್‌ನಲ್ಲಿ 1994ರಲ್ಲಿ ಸುತ್ತು ರೋಗ (ಮರಿಗಳು ಗಿರಗಿರನೆ ಸುತ್ತುತ್ತಾ ಈಜುವ ಪರಾವಲಂಬಿ ರೋಗ) ಸಿಕ್ಕಿ ರೇನ್‌ಬೋ ಎಷ್ಟು ಕುಸಿಯಿತು ಅಂತಲೂ ಹೇಳಿ.

ಕಾಡುಹೊಳೆ: ಹೇಳುತ್ತೇನೆ. ಆ ರೋಗ ಯೂರೋಪಿನಿಂದ ಬಂದದ್ದು, ಹರಡಿದ್ದರಲ್ಲಿ ಹ್ಯಾಚರಿ ಮೀನಿನ ಸಾಗಾಟದ ಪಾಲು ದೊಡ್ಡದು. ನಿಮ್ಮ ಲಾರಿಯಂಥದ್ದೇ.

ಲಾರಿಟ್ಯಾಂಕ್: ನಮ್ಮಲ್ಲಿ ರೋಗ ಪರೀಕ್ಷೆ ಆಗದೆ ಒಂದು ಮೀನೂ ಗೇಟು ದಾಟುತ್ತಿರಲಿಲ್ಲ. ಬಾಯಿಗೆ ಬಂದಂತೆ ಬರೆಯಬೇಡಿ.

ನೀರಂಚು: ದಯವಿಟ್ಟು, ಹೊರಗೆ ಹರಿಯುವ ತೊರೆ ಬಗ್ಗೆ ಯಾರಾದರೂ ಹೇಳ್ತೀರಾ? ಅದರಲ್ಲಿ ಬ್ರೌನ್ ಟ್ರೌಟ್ ಇವೆ.

ತಣ್ಣೀರು: ಹಾಗಾದರೆ ತ್ರಿಪ್ಲಾಯ್ಡ್ ಅನ್ನುವ ಮರಿ ಕೇಳಿ ತರಿಸಿ. ಮೊಟ್ಟೆಗೆ ಶಾಖ ಇಲ್ಲವೇ ಒತ್ತಡ ಕೊಟ್ಟು ಸಂತಾನವಾಗದಂತೆ ಮಾಡಿರುತ್ತಾರೆ. ತೊರೆಗೆ ಹೋದರೂ ವಂಶ ಬೆಳೆಸುವುದಿಲ್ಲ.

ಹಳೇಗಾಳ: ಬಿಸಿನೀರು ಬಂದರೆ ಮೊದಲು ಸಾಯುವುದೂ ಅವೇ. ನಮ್ಮಲ್ಲಿ ನೋಡಿದ್ದೇನೆ. ಪಕ್ಕದಲ್ಲಿದ್ದ ಸಾದಾ ರೇನ್‌ಬೋ ಆರಾಮಾಗಿದ್ದವು.

ತಣ್ಣೀರು: ಯಾವುದು ಸಾದಾ, ಯಾವುದು ತ್ರಿಪ್ಲಾಯ್ಡ್ ಅಂತ ದಡದಿಂದಲೇ ಗೊತ್ತಾಯಿತಾ ನಿಮಗೆ? ಅದಕ್ಕೆ ರಕ್ತ ಪರೀಕ್ಷೆ ಬೇಕು ರೀ.

ಹಳೇಗಾಳ: ಬೆನ್ನಿನ ಹಿಂದಿನ ಸಣ್ಣ ರೆಕ್ಕೆ ಕತ್ತರಿಸಿ ಗುರುತು ಮಾಡಿ ಬಿಟ್ಟಿದ್ದರು, ಸ್ವಾಮಿ.

ಕಾಡುಹೊಳೆ: ನೀರಂಚು ಅವರೇ, ಸಂತಾನ ಆಗದಿದ್ದರೂ ಅವುಗಳಿಗೆ ಹೊಟ್ಟೆ ಇರುತ್ತೆ. ನಿಮ್ಮ ಬ್ರೌನ್ ಮರಿಗಳನ್ನೇ ತಿನ್ನುತ್ತವೆ. ಮೀನು ತರುವ ಮುಂಚೆ ತೊರೆ ಬಾಯಿಗೆ ಜಾಲರಿ ಹಾಕಿ.

ಲಾರಿಟ್ಯಾಂಕ್: ಜಾಲರಿಗೆ ಶರತ್ಕಾಲದಲ್ಲಿ ಎಲೆ ಕಟ್ಟಿ ನೀರು ಉಕ್ಕುತ್ತದೆ. ದಿನಾ ಎರಡು ಸಲ ಕುಂಟೆಯಲ್ಲಿ ಎಳೆದು ತೆಗೆಯಲು ಕಾಡುಹೊಳೆಯವರು ಬರುತ್ತಾರಂತಾ ಕೇಳಿ.