ಬುಕ್ಕರಾಯನ ಶಾಸನ, ನಮ್ಮೂರಿನ ವಂತಿಗೆ

ಗುಂಪು: ಹಾಸನದ ಮನೆಯವರು

ರಾಜು ಮಾವ: (ಫಾರ್ವರ್ಡ್) "1368ರಲ್ಲಿಯೇ ವಿಜಯನಗರದ ಅರಸ ಬುಕ್ಕರಾಯ ಶ್ರವಣಬೆಳಗೊಳದಲ್ಲಿ ಜೈನರಿಗೂ ವೈಷ್ಣವರಿಗೂ ಭೇದವಿಲ್ಲವೆಂದು ಕಲ್ಲಿನಲ್ಲಿ ಬರೆಸಿದ. ನಮ್ಮ ಮಠ ಮಂದಿರಗಳು ಎಂದೂ ಯಾರನ್ನೂ ದೂರವಿಟ್ಟಿಲ್ಲ. ಹೆಮ್ಮೆಯಿದ್ದರೆ ಹತ್ತು ಜನರಿಗೆ ಕಳುಹಿಸಿ."

ರಾಜು ಮಾವ: ಧರ್ಮ ಸಮಾಜವನ್ನು ಒಡೆಯುತ್ತದೆ ಎನ್ನುವವರು ಇದನ್ನು ಓದಬೇಕು. ಹೆಸರು ಹೇಳುವುದಿಲ್ಲ.

ನಾನು: ಹೇಳದಿದ್ದರೂ ತಲುಪಿತು ಮಾವ. ಶಾಸನ ನಿಜ, ಭಂಡಾರಿ ಬಸದಿಯಲ್ಲಿದೆ. ಆದರೆ ಅದು ಹುಟ್ಟಿದ್ದೇ ಜಗಳದಿಂದ. ಶ್ರೀವೈಷ್ಣವರು ಅನ್ಯಾಯ ಮಾಡುತ್ತಿದ್ದಾರೆ ಎಂದು ಜೈನರು ಬುಕ್ಕರಾಯನ ಬಳಿಗೆ ದೂರು ಒಯ್ದಿದ್ದರು. ಬಸದಿಗೆ ಪಂಚಮಹಾವಾದ್ಯವೂ ಕಲಶವೂ ಸಲ್ಲುತ್ತವೆ ಎಂದು ರಾಜನೇ ಹೇಳಬೇಕಾಯಿತೆಂದರೆ ಯಾರೋ ಅಡ್ಡಿ ಮಾಡಿದ್ದರು ತಾನೆ?

ರಾಜು ಮಾವ: ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟನಲ್ಲ, ಅದನ್ನೂ ಹೇಳು.

ನಾನು: ಕೈ ಹಿಡಿಸಿದವನು ರಾಜ. ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಯ ಆಚಾರ್ಯರೆಲ್ಲ ಎದುರಿಗೇ ಇದ್ದರು. ಅವರಿಗೆ ತಾವಾಗಿಯೇ ಏಕೆ ತೋಚಲಿಲ್ಲ? ಇನ್ನೂ ಇದೆ. ಜೈನರು ಮನೆಗೆ ವರ್ಷಕ್ಕೊಂದು ಹಣ, ಅಂದರೆ ಆಗಿನ ಒಂದು ನಾಣ್ಯ, ಕೊಡಬೇಕು. ಆ ದುಡ್ಡಿನಲ್ಲಿ ಬೆಳಗೊಳದ ದೇವರಿಗೆ ಇಪ್ಪತ್ತು ಕಾವಲಿನಾಳುಗಳು, ಮಿಕ್ಕಿದ್ದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ. ಏಟು ತಿಂದವರೇ ಕಾವಲುಗಾರನಿಗೂ ಸಂಬಳ ಕೊಟ್ಟಂತಾಯಿತು.

ಸುಮಕ್ಕ: ಅದಕ್ಕೂ ಹಿಂದಕ್ಕೆ ಹೋಗಿ. 1117ರಲ್ಲಿ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನ ಗುಡಿ ಕಟ್ಟಿಸಿದ. ಅವನ ರಾಣಿ ಶಾಂತಲೆ 1123ರಲ್ಲಿ ಬೆಳಗೊಳದಲ್ಲಿ ಬಸದಿ ಕಟ್ಟಿಸಿದಳು. ಗಂಡ ಹೆಂಡತಿ ಜಗಳವಾಡಿದ ಶಾಸನವೇನೂ ಸಿಕ್ಕಿಲ್ಲ.

ಪುಟ್ಟ: ಅರಮನೆಯ ಮಾತು ಬೇರೆ ಅಕ್ಕ. ಅಂದ ಹಾಗೆ, ಅರಸೀಕೆರೆಯಲ್ಲಿ ಇವತ್ತು ಕೊಬ್ಬರಿ ದರ ಎಷ್ಟು?

ನಾಗು ಚಿಕ್ಕಮ್ಮ: ಕಲ್ಲಿನ ಮೇಲಿನದು ನನಗೆ ತಿಳಿಯದು. ಅಪ್ಪ ಓದಿದ್ದು ಮಠದ ಹಾಸ್ಟೆಲಿನಲ್ಲಿ. ಒಂದು ಚಾಪೆ, ಎರಡು ಹೊತ್ತು ಮುದ್ದೆ, ಹುರುಳಿಕಾಳಿನ ಸಾರು. ಅದಿಲ್ಲದಿದ್ದರೆ ಅವರು ಎಮ್ಮೆ ಕಾಯುತ್ತಿದ್ದರು, ನೀವು ಯಾರೂ ಹೀಗೆ ಮೊಬೈಲಿನಲ್ಲಿ ವಾದ ಮಾಡುತ್ತಿರಲಿಲ್ಲ. ತುಮಕೂರಿನ ಸಿದ್ಧಗಂಗೆಯಲ್ಲಿ ಇವತ್ತಿಗೂ ಸಾವಿರಾರು ಮಕ್ಕಳು ಜಾತಿಯ ಹಂಗಿಲ್ಲದೆ ಉಂಡು ಓದುತ್ತಿದ್ದಾರೆ. ಅದೂ ಧರ್ಮಸಂಸ್ಥೆಯೇ ಅಲ್ಲವೇ?

ನಾನು: ಆ ಅನ್ನದ ಋಣ ನನ್ನ ಮೇಲೂ ಇದೆ ಚಿಕ್ಕಮ್ಮ, ಇಲ್ಲವೆನ್ನುವುದಿಲ್ಲ. ಆದರೆ ಚುನಾವಣೆ ಬಂದೊಡನೆ ಎಲ್ಲ ಪಕ್ಷಗಳ ಕಾರುಗಳೂ ಮಠದ ಅಂಗಳದಲ್ಲಿ ನಿಲ್ಲುತ್ತವಲ್ಲ, ಅದು ಮುದ್ದೆ ತಿನ್ನುವುದಕ್ಕೆ ಅಲ್ಲ. ಉಂಡವರ ಲೆಕ್ಕವನ್ನು ಯಾರೋ ಇಟ್ಟಿರುತ್ತಾರೆ.

ದೊಡ್ಡಪ್ಪ: ಮಗು, ಆ ಒಂದು ಹಣವನ್ನು ನೀನು ದಂಡವೆಂದು ಓದಿದೆ. ಊರ ದೇವಸ್ಥಾನದ ಲೆಕ್ಕವನ್ನು ಮೂವತ್ತು ವರ್ಷ ಬರೆದವನು ನಾನು. ನನಗೆ ಅದು ವಂತಿಗೆಯಂತೆ ಕಾಣುತ್ತದೆ. ವಂತಿಗೆ ಕೊಟ್ಟವನು ಲೆಕ್ಕ ಕೇಳುತ್ತಾನೆ, ತೇರಿನ ಹಗ್ಗಕ್ಕೆ ಕೈ ಹಾಕುತ್ತಾನೆ, ಪ್ರಸಾದ ಮನೆಗೆ ಬಾರದಿದ್ದರೆ ಜಗಲಿಯ ಮೇಲೆ ನಿಂತು ಕೂಗಾಡುತ್ತಾನೆ. ಕೊಡದವನು ಬರೀ ನೆಂಟ. ಜೈನರು ಹಣ ಕೊಟ್ಟರು, ಹಾಗಾಗಿ ಕಾವಲಿನವನು ಮಲಗಿದರೆ ಎಬ್ಬಿಸುವ ಹಕ್ಕು ಅವರದಾಯಿತು.

ರಾಜು ಮಾವ: ಹಾಗೆ ಹೇಳಿ ಭಾವ!

ನಾನು: ದೊಡ್ಡಪ್ಪ, ಇದನ್ನು ನಾನು ಯೋಚಿಸಿರಲಿಲ್ಲ, ಒಪ್ಪಿದೆ. ಹಾಗಾದರೆ ಒಂದು ಪ್ರಶ್ನೆ. ನಿನ್ನೆ ನೀವು ಇಲ್ಲಿಯೇ ಹಾಕಿದ ಜೀರ್ಣೋದ್ಧಾರದ ಪಟ್ಟಿಯನ್ನು ಎರಡು ಸಲ ಓದಿದೆ. ಮನೆಗೆ ಮೂರು ಸಾವಿರ. ಕೆಳಗಿನ ಕೇರಿಯ ಒಂದು ಮನೆಯ ಹೆಸರೂ ಅದರಲ್ಲಿಲ್ಲ.

ರಾಜು ಮಾವ: ಬಡವರು, ಪಾಪ. ಅವರಿಗೆ ಹೊರೆಯಾಗಬಾರದೆಂದು ಬಿಟ್ಟಿದ್ದೇವೆ.

ಪುಟ್ಟ: ಕೇರಿಯಲ್ಲಿ ಇಬ್ಬರು ಮೇಷ್ಟ್ರು, ಒಬ್ಬರು ಬ್ಯಾಂಕ್ ಮ್ಯಾನೇಜರ್ ಇದ್ದಾರೆ ಮಾವ. ಕಳೆದ ಬಾರಿ ಮೂರು ಕಂತಿನಲ್ಲಿ ವಂತಿಗೆ ಕಟ್ಟಿದ್ದು ನಮ್ಮ ಮನೆ.

ರಾಜು ಮಾವ: ಈ ಸಂದೇಶವನ್ನು ಅಳಿಸಲಾಗಿದೆ.

ಸುಮಕ್ಕ: ಅಳಿಸುವ ಮೊದಲೇ ಓದಿಯಾಯಿತು ಮಾವ.

ನಾನು: ದೊಡ್ಡಪ್ಪ?

ದೊಡ್ಡಪ್ಪ: ಓದುತ್ತಿದ್ದೇನೆ.

ದೊಡ್ಡಪ್ಪ: ಕೇಳಿದರೆ ಅವರು ಕೊಡುತ್ತಾರೆ. ಕೊಟ್ಟರೆ ಒಳಗೆ ಬರುತ್ತಾರೆ. ಅದಕ್ಕೇ ಯಾರೂ ಕೇಳಿಲ್ಲ, ನಾನೂ ಕೇಳಿಲ್ಲ. ಭಾನುವಾರ ಹತ್ತು ಗಂಟೆಗೆ ಸಭೆ ಇದೆ. ಆ ಮನೆಗಳನ್ನೂ ಪಟ್ಟಿಯಲ್ಲಿ ಬರೆದುಕೊಂಡು ಹೋಗುತ್ತೇನೆ. ನನ್ನ ಜೊತೆ ಯಾರು ಬರುತ್ತೀರಿ?

ನಾಗು ಚಿಕ್ಕಮ್ಮ: ಭಾನುವಾರ ಚನ್ನರಾಯಪಟ್ಟಣದಲ್ಲಿ ನಾಮಕರಣವಿದೆ.

ಸುಮಕ್ಕ: ನನಗೂ ಅದೇ ನಾಮಕರಣ.

ನಾನು: ಬೆಳಗಿನ ಮೊದಲ ಬಸ್ಸಿಗೆ ಬರುತ್ತೇನೆ.

ಪುಟ್ಟ: ಕೊಬ್ಬರಿ ದರ ಯಾರೂ ಹೇಳಲೇ ಇಲ್ಲ.