ಡೂಡಲ್ ನಾಯಿ ತಂದರೆ ಸೀನು ನಿಲ್ಲುತ್ತದಾ?

ಬದಿಯಡ್ಕದಿಂದ ಕೇಳಿದ್ದು:
ಮಗಳಿಗೆ ನಾಯಿಮರಿ ಬೇಕೇ ಬೇಕಂತೆ. ಆದರೆ ನಮ್ಮ ಮನೆಯವರಿಗೆ ನಾಯಿ ಹತ್ತಿರ ಬಂದರೆ ಸಾಕು, ಸೀನು, ಕಣ್ಣು ತುರಿಕೆ. ಮಳೆಗಾಲದಲ್ಲಿ ಸ್ವಲ್ಪ ಉಬ್ಬಸವೂ ಇದೆ. ಲ್ಯಾಬ್ರಡೂಡಲ್, ಗೋಲ್ಡನ್‌ಡೂಡಲ್ (ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ನಾಯಿಗಳನ್ನು ಗುಂಗುರು ರೋಮದ ಪೂಡಲ್ ಜೊತೆ ಸೇರಿಸಿದ ಮಿಶ್ರತಳಿಗಳು) ಆದರೆ ಕೂದಲು ಉದುರುವುದಿಲ್ಲ, ಅಲರ್ಜಿಯೇ ಇಲ್ಲ ಅಂತ ಮಾರುವವರು ಹೇಳುತ್ತಾರೆ. ಸಾಕಿದವರು ಇದ್ದೀರಾ? ಯಾವುದನ್ನು ತರಬಹುದು?

ನೀರ್ಚಾಲಿನಿಂದ:
ನಮ್ಮಲ್ಲಿ ಗೋಲ್ಡನ್‌ಡೂಡಲ್ ಇದೆ. ಅಲರ್ಜಿ ಇರುವುದು ತಮ್ಮನಿಗೆ. ನೆಲದಲ್ಲಿ ಕೂದಲು ಕಾಣುವುದು ಕಡಿಮೆ, ಅದು ನಿಜ. ಆದರೆ ಸೀನು ಬರಿಸುವುದು ಕೂದಲಲ್ಲ ಅಕ್ಕ. ನಾಯಿಯ ಜೊಲ್ಲು, ಚರ್ಮದ ಹೊಟ್ಟು, ಮೂತ್ರ ಇವುಗಳಲ್ಲಿರುವ ಪ್ರೋಟೀನು. ನಾಯಿ ಮೈ ನೆಕ್ಕುತ್ತದೆ, ಜೊಲ್ಲು ರೋಮದಲ್ಲೇ ಒಣಗುತ್ತದೆ. 2012ರ ಒಂದು ಡಚ್ ಅಧ್ಯಯನದಲ್ಲಿ ಪೂಡಲ್, ಲ್ಯಾಬ್ರಡೂಡಲ್‌ಗಳ ರೋಮದಲ್ಲಿ ಈ ಪ್ರೋಟೀನು ಬೇರೆ ನಾಯಿಗಳಿಗಿಂತ ಕಡಿಮೆ ಇರಲಿಲ್ಲ, ಜಾಸ್ತಿಯೇ ಇತ್ತು.

ಲ್ಯಾಬ್ರಡೂಡಲ್ ಹುಟ್ಟಿದ ಕತೆಯೇ ಇದಕ್ಕೆ ಉತ್ತರ ಹೇಳುತ್ತದೆ. 1989ರಲ್ಲಿ ಹವಾಯಿಯ ಒಬ್ಬ ಅಂಧ ಮಹಿಳೆಗೆ ದಾರಿ ತೋರುವ ನಾಯಿ ಬೇಕಿತ್ತು, ಗಂಡನಿಗೆ ಅಲರ್ಜಿ. ಆ ದಂಪತಿಗಾಗಿ ಆಸ್ಟ್ರೇಲಿಯಾದಲ್ಲಿ ಅಂಧರಿಗೆ ನಾಯಿ ಕೊಡುವ ಸಂಸ್ಥೆಯ ವಾಲಿ ಕಾನ್ರನ್ ಲ್ಯಾಬ್ರಡಾರ್‌ಗೂ ಸ್ಟ್ಯಾಂಡರ್ಡ್ ಪೂಡಲ್‌ಗೂ ಮರಿ ಮಾಡಿಸಿದರು. ಹುಟ್ಟಿದ್ದು ಮೂರು ಮರಿ. ಮೂರರದ್ದೂ ಕೂದಲು, ಜೊಲ್ಲು ಹವಾಯಿಗೆ ಕಳಿಸಿ ನೋಡಿದರೆ ಆ ಗಂಡನಿಗೆ ಹೊಂದಿಕೊಂಡದ್ದು ಒಂದೇ ಒಂದು. ಒಂದೇ ಹೊಟ್ಟೆಯ ಮರಿಗಳಲ್ಲೇ ಹೀಗಾದರೆ, ಬರೀ ತಳಿಯ ಹೆಸರು ನೋಡಿ ದುಡ್ಡು ಕೊಡುವುದು ಹೇಗೆ ಹೇಳಿ?

ಇನ್ನು ನಮ್ಮ ಮಳೆ. ಹೊರಗಿನಿಂದ ರೋಮ ಹತ್ತಿಯ ಹಾಗೆ ಚೆಂದ ಕಾಣುತ್ತದೆ. ಕಬ್ಬಿಣದ ಬಾಚಣಿಗೆಯನ್ನು ಕಿವಿಯ ಹಿಂದೆ ಹಾಕಿ ನೋಡಿ, ಅಲ್ಲೇ ಸಿಕ್ಕಿ ನಿಲ್ಲುತ್ತದೆ. ಕಂಕುಳು, ಕುತ್ತಿಗೆಪಟ್ಟಿಯ ಅಡಿ, ಎಲ್ಲ ಕಡೆ ಗಂಟು. ಚರ್ಮದವರೆಗೆ ಬಾಚಬೇಕು, ಆಷಾಢದಲ್ಲಿ ಒಮ್ಮೆ ಒದ್ದೆಯಾದರೆ ಬುಡ ಒಣಗುವುದೇ ಇಲ್ಲ. ತೋಟಕ್ಕೆ ಹೋಗಿ ಬಂದರೆ ಉಣ್ಣಿ ಒಳಗೆ ಅಡಗಿಕೊಳ್ಳುತ್ತದೆ. ನಾವು ಮಳೆಗೆ ಮುಂಚೆ ರೋಮ ಗಿಡ್ಡ ಕತ್ತರಿಸಿಬಿಡುತ್ತೇವೆ. ಬಾಚುವ ಕೆಲಸ ನಿಮ್ಮ ಮನೆಯವರಿಗೆ ಮಾತ್ರ ಬೇಡ.

ಉಪ್ಪಳದಿಂದ:
ಮರಿಯ ಕೂದಲು ನೋಡಿ ನಂಬಬೇಡಿ. ಎಳೆ ರೋಮ ಹೋಗಿ ದೊಡ್ಡ ರೋಮ ಬರುವುದು ಆರೇಳು ತಿಂಗಳ ಮೇಲೆ. ನಮ್ಮ ಲ್ಯಾಬ್ರಡೂಡಲ್ ಲ್ಯಾಬ್ರಡಾರ್ ಹಾಗೆಯೇ ಉದುರಿಸುತ್ತದೆ! ಅರ್ಧ ಪೂಡಲ್ ಆಗಿರುವ ಮೊದಲ ತಲೆಮಾರಿನ ಮಿಶ್ರತಳಿ, ಅಂದರೆ ಎಫ್1ರಲ್ಲಿ ಯಾವ ರೋಮ ಬರುತ್ತದೆ ಅನ್ನುವುದು ಲಾಟರಿ. ಅದನ್ನು ಮತ್ತೆ ಪೂಡಲ್‌ಗೆ ಸೇರಿಸಿದ ಎಫ್1ಬಿಯಲ್ಲಿ ಕಡಿಮೆ ಉದುರುವ ಗುಂಗುರು ರೋಮ ಸಿಗುವ ಸಾಧ್ಯತೆ ಜಾಸ್ತಿ. ನನ್ನನ್ನು ಕೇಳಿದರೆ, ಕೂದಲು ಉದುರುವುದು ಬೇಡ ಅಂತಾದರೆ ಸೀದಾ ಪೂಡಲ್ ತನ್ನಿ.

ಮುಳ್ಳೇರಿಯದಿಂದ:
ಮೊದಲು ಮಂಗಳೂರಿನಲ್ಲಿ ಅಲರ್ಜಿ ಡಾಕ್ಟರಿಗೆ ತೋರಿಸಿ. ಉಬ್ಬಸ ಮಳೆಗಾಲದಲ್ಲೇ ಅಂದರೆ ಹಾಸಿಗೆಯ ಧೂಳುಹುಳ, ಗೋಡೆಯ ಬೂಷ್ಟು ಕೂಡ ಇರಬಹುದಲ್ವಾ? ಕೆಲವರಿಗೆ ಕ್ಯಾನ್ ಎಫ್ 5 ಒಂದೇ ಆಗದು. ಅದು ಗಂಡುನಾಯಿಯ ಪ್ರಾಸ್ಟೇಟ್‌ನಲ್ಲಿ ಆಗುವ ಪ್ರೋಟೀನು. ಅಂಥವರಿಗೆ ಹೆಣ್ಣುನಾಯಿ ಹೊಂದಿಕೊಳ್ಳಬಹುದು, ಯಾವ ತಳಿಯೇ ಆಗಲಿ. ರಕ್ತ ಪರೀಕ್ಷೆಯಲ್ಲಿ ಇದು ಗೊತ್ತಾಗುತ್ತದೆ. ನಾಯಿ ಬಂದ ಮೇಲೆ ಮಲಗುವ ಕೋಣೆಗೆ ಬಿಡಲೇಬೇಡಿ. ಸ್ನಾನ ಮಾಡಿಸಿದರೆ ಪ್ರೋಟೀನು ಇಳಿಯುತ್ತದೆ, ಆದರೆ ಕೆಲವೇ ದಿನದಲ್ಲಿ ಮತ್ತೆ ಅಷ್ಟೇ ಆಗುತ್ತದೆ.

ಬದಿಯಡ್ಕದಿಂದ:
ಎಲ್ಲರಿಗೂ ಥ್ಯಾಂಕ್ಸ್. ಅಡ್ವಾನ್ಸ್ ಕೊಡುವುದನ್ನು ನಿಲ್ಲಿಸಿದ್ದೇವೆ. ನೀರ್ಚಾಲಿನವರೇ, ಡಾಕ್ಟರು ಆಗಬಹುದು ಅಂದರೆ ಮನೆಯವರನ್ನು ಕರಕೊಂಡು ನಿಮ್ಮಲ್ಲಿಗೆ ಬರಬಹುದಾ?

ನೀರ್ಚಾಲಿನಿಂದ:
ಧಾರಾಳವಾಗಿ ಬನ್ನಿ. ಸುಮ್ನೆ ಐದು ನಿಮಿಷ ನೋಡಿ ಹೋದರೆ ಗೊತ್ತಾಗುವುದಿಲ್ಲ, ಊಟಕ್ಕೇ ಬನ್ನಿ, ಸಂಜೆಯವರೆಗೆ ಕೂತುಕೊಳ್ಳಿ. ಅಲರ್ಜಿ ಮಾತ್ರೆ ತೆಗೆದುಕೊಂಡು ಬಂದರೆ ಪರೀಕ್ಷೆಗೆ ಅರ್ಥ ಇಲ್ಲ, ಅದನ್ನು ನಿಲ್ಲಿಸಬಹುದಾ ಅಂತ ಡಾಕ್ಟರನ್ನೇ ಕೇಳಿ. ಇನ್ಹೇಲರ್ ಮಾತ್ರ ಜೇಬಿನಲ್ಲಿರಲಿ.