ನ್ಯೂಯಾರ್ಕ್ ಮೇಯರ್ ಲಾ ಗಾರ್ಡಿಯಾ 12 ವರ್ಷ ಕೂತದ್ದು ಹೇಗೆ?

ಕದ್ರಿ_ಓದುಗ
ಡಿಗ್ರಿ ಸೆಮಿನಾರಿಗೆ ಸಿಕ್ಕಿದ ವಿಷಯ ಫಿಯೊರೆಲ್ಲೊ ಲಾ ಗಾರ್ಡಿಯಾ. 1934ರಿಂದ 1945ರ ಕೊನೆಯವರೆಗೆ ಮೇಯರ್. ನಮ್ಮ ಮಂಗಳೂರಲ್ಲಿ ಮೇಯರ್ ಹೆಸರು ಬಾಯಿಗೆ ಬರುವಷ್ಟರಲ್ಲಿ ವರ್ಷ ಮುಗಿದಿರ್ತದೆ, ಇವರಿಗೆ 12 ವರ್ಷ ಹೇಗೆ? ಒಂದು ಕಡೆ ರಿಪಬ್ಲಿಕನ್ ಅಂತ ಉಂಟು, ಇನ್ನೊಂದು ಕಡೆ ಲೇಬರ್ ಪಾರ್ಟಿ ಅಂತ. ಯಾವುದು ಸರಿ? ಮತ್ತೆ ಈ ತರಕಾರಿ ನಿಷೇಧದ ಕಥೆ ನಿಜವಾ?

ಲಾಲ್‌ಬಾಗ್_ಕಡತ
ಮನುಷ್ಯನಿಗಿಂತ ಮೊದಲು ಕುರ್ಚಿ ನೋಡಿ. ನಮ್ಮ ಪಾಲಿಕೆಯಲ್ಲಿ 60 ವಾರ್ಡಿನ ಸದಸ್ಯರು ಕೈ ಎತ್ತಿ ಮೇಯರನ್ನು ಆರಿಸ್ತಾರೆ, ಎಂಎಲ್‌ಎ, ಎಂಪಿಗೂ ಮತ ಉಂಟು. ಮೀಸಲಾತಿ ಸರದಿ ಬದಲಾಗುವುದರಿಂದ ಒಳ್ಳೆ ಕೆಲಸ ಮಾಡಿದವರೂ ಮರುವರ್ಷ ಅದೇ ಕುರ್ಚಿಗೆ ಬರುವುದು ಕಷ್ಟ. ಆಡಳಿತ ಕಮಿಷನರ್ ಕೈಯಲ್ಲಿ, ಅವರನ್ನು ಕಳಿಸುವುದು ರಾಜ್ಯ ಸರ್ಕಾರ. ನ್ಯೂಯಾರ್ಕಿನಲ್ಲಿ ಜನರದ್ದೇ ನೇರ ಮತ, 4 ವರ್ಷದ ಅವಧಿ. ಪೊಲೀಸ್ ಕಮಿಷನರನ್ನು ನೇಮಿಸುವವರೂ ಮೇಯರೇ. ಆಗ ಇಷ್ಟೇ ಸಲ ಎಂಬ ಮಿತಿಯೂ ಇರಲಿಲ್ಲ. 1933, 1937, 1941, ಹೀಗೆ ಮೂರು ಗೆಲುವು.

ಹಾಗಂತ ಸರ್ವಾಧಿಕಾರಿ ಅಂತ ಬರೀಬೇಡಿ. ದುಡ್ಡಿನ ವಿಷಯ ತೀರ್ಮಾನ ಆಗ್ತಿದ್ದದ್ದು ‘ಬೋರ್ಡ್ ಆಫ್ ಎಸ್ಟಿಮೇಟ್’ನಲ್ಲಿ, ಅಲ್ಲಿನ 16 ಮತಗಳಲ್ಲಿ ಮೇಯರದ್ದು 3 ಮಾತ್ರ. ಕೊರತೆ ತುಂಬಿದ್ದು ವಾಷಿಂಗ್ಟನ್ನಿನ ರೂಸ್‌ವೆಲ್ಟ್ ಸರ್ಕಾರದ ಹಣ. 1935ರಲ್ಲಿ ಡಬ್ಲ್ಯುಪಿಎ ಉದ್ಯೋಗ ಯೋಜನೆ ಬಂದಾಗ ನ್ಯೂಯಾರ್ಕ್ ನಗರವನ್ನೇ ಒಂದು ರಾಜ್ಯದ ಹಾಗೆ ಬೇರೆ ಘಟಕ ಮಾಡಿದ್ರು.

‘ಅಮೆರಿಕದ ಮೇಯರ್‌ಗಳೆಲ್ಲ ಬಲಿಷ್ಠರು’ ಎಂಬ ಸ್ಲೈಡ್ ಇದ್ದರೆ ಅಳಿಸಿ. ಡಲ್ಲಾಸ್, ಫೀನಿಕ್ಸಿನಲ್ಲಿ ಆಡಳಿತ ನಡೆಸುವುದು ಕೌನ್ಸಿಲ್ ನೇಮಿಸಿದ ಸಿಟಿ ಮ್ಯಾನೇಜರ್. ಅದು ಹೆಚ್ಚುಕಡಿಮೆ ಲಾಲ್‌ಬಾಗಿನ ನಮ್ಮ ಪಾಲಿಕೆ ಕಚೇರಿಯ ಹಾಗೇ.

ಬಂದರು_ಬೀದಿ
ಪಾರ್ಟಿ ಎರಡೂ ಸರಿ ಮಾರಾಯ್ರೆ. ನ್ಯೂಯಾರ್ಕ್ ರಾಜ್ಯದ ಕಾನೂನಿನಲ್ಲಿ ಒಬ್ಬನೇ ಅಭ್ಯರ್ಥಿ ಎರಡು ಮೂರು ಪಕ್ಷಗಳ ಸಾಲಿನಲ್ಲಿ ನಿಲ್ಲಬಹುದು. ಮತ ಬೇರೆ ಬೇರೆ ಎಣಿಸಿ ಕೊನೆಗೆ ಕೂಡಿಸ್ತಾರೆ. ನಮ್ಮ ಮೈತ್ರಿಯಲ್ಲಿ ಸೀಟು ಹಂಚ್ತಾರೆ, ಅಲ್ಲಿ ಹಂಚುವುದು ಹೆಸರನ್ನೇ. 1933ರಲ್ಲಿ ರಿಪಬ್ಲಿಕನ್ ಮತ್ತು ಸಿಟಿ ಫ್ಯೂಷನ್ ಎಂಬ ಪಕ್ಷ. 1937ರಲ್ಲಿ ಅಮೆರಿಕನ್ ಲೇಬರ್ ಪಾರ್ಟಿ ಸೇರಿತು, ರಿಪಬ್ಲಿಕನ್ ಗುರುತಿಗೆ ಸತ್ತರೂ ಒತ್ತದ ಗಾರ್ಮೆಂಟ್ ಕಾರ್ಮಿಕರಿಗೆ ಅದು ದಾರಿಯಾಯಿತು.

1933ರ ಲೆಕ್ಕವನ್ನು ತಪ್ಪದೆ ಹಾಕಿ: ಲಾ ಗಾರ್ಡಿಯಾ ಸುಮಾರು 8.68 ಲಕ್ಷ, ಮೆಕೀ 6.09, ಒ’ಬ್ರಯನ್ 5.86. ಕೊನೆಯ ಇಬ್ಬರೂ ಡೆಮಾಕ್ರಾಟ್ ಬಣದವರು. ಅವರ ಮತ ಒಡೆದದ್ದರಿಂದಲೇ ಇವರು ಒಳಗೆ ಬಂದದ್ದು.

ಇನ್ನೊಂದು ಬಲ ಭಾಷೆ. ತಂದೆ ಇಟಲಿಯವರು, ಸೈನ್ಯದಲ್ಲಿ ಬ್ಯಾಂಡ್‌ಮಾಸ್ಟರ್. ತಾಯಿ ಟ್ರಿಯೆಸ್ಟ್‌ನ ಯಹೂದಿ. ಇವರು ವಲಸಿಗರು ಬಂದಿಳಿಯುತ್ತಿದ್ದ ಎಲ್ಲಿಸ್ ದ್ವೀಪದಲ್ಲಿ ದುಭಾಷಿಯಾಗಿದ್ದುಕೊಂಡೇ ಕಾನೂನು ಓದಿ 1910ರಲ್ಲಿ ಮುಗಿಸಿದರು. 1922ರಲ್ಲಿ ಕಾಂಗ್ರೆಸ್, ಅಂದ್ರೆ ಅಮೆರಿಕದ ಸಂಸತ್ತಿನ ಚುನಾವಣೆಯಲ್ಲಿ ಎದುರಾಳಿ ‘ಯಹೂದಿ ದ್ವೇಷಿ’ ಅಂತ ಹಬ್ಬಿಸಿದಾಗ ‘ಬಾ, ಯಿಡ್ಡಿಶ್‌ನಲ್ಲೇ (ಪೂರ್ವ ಯುರೋಪಿನ ಯಹೂದಿಗಳ ಭಾಷೆ) ಚರ್ಚೆ ಮಾಡುವ’ ಅಂತ ಬಹಿರಂಗ ಸವಾಲು ಹಾಕಿದರು. ಎದುರಾಳಿ ಯಹೂದಿಯೇ, ಆದರೆ ಯಿಡ್ಡಿಶ್ ಬರುತ್ತಿರಲಿಲ್ಲ. ತುಳು, ಕೊಂಕಣಿ, ಬ್ಯಾರಿ ಮೂರರಲ್ಲೂ ಓಟು ಕೇಳುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಂಡಿ_ಲೆಕ್ಕ
ನಿಷೇಧ ನಿಜ, ಆದರೆ ‘ತರಕಾರಿ ನಿಷೇಧ’ ಅಂದ್ರೆ ತಪ್ಪಾಗ್ತದೆ. ಸಣ್ಣ ಆರ್ಟಿಚೋಕ್ ಮಾತ್ರ, ಕಮಲದ ಮೊಗ್ಗಿನಂತೆ ಪದರ ಪದರ ಇರುವ ಕಾಯಿಪಲ್ಯ. ಇಟಲಿಯವರ ಮನೆಗೆ ಅದು ಬೇಕೇ ಬೇಕು. ಸಿರೊ ಟೆರನೋವಾ ಎಂಬ ಮಾಫಿಯಾದವನು ಸಗಟು ಮಾಲನ್ನೆಲ್ಲ ತನ್ನ ಕೈಯಲ್ಲಿಟ್ಟು ವ್ಯಾಪಾರಿಗಳನ್ನು ಹೆದರಿಸಿ ಹೇಳಿದ ರೇಟಿಗೆ ಮಾರ್ತಿದ್ದ. 1935ರ ಡಿಸೆಂಬರ್‌ನಲ್ಲಿ, ಬೆಳಕು ಹರಿಯುವ ಮೊದಲೇ, ಬ್ರಾಂಕ್ಸ್ ಟರ್ಮಿನಲ್ ಮಾರ್ಕೆಟಿನಲ್ಲಿ ಕಹಳೆ ಊದಿಸಿ ಮೇಯರೇ ಆದೇಶ ಓದಿದರು. ಆ ಹೊತ್ತೇ ಯಾಕೆ ಅಂದ್ರೆ, ಸಗಟು ವ್ಯಾಪಾರಿಗಳು ಒಟ್ಟಿಗೆ ಸಿಗುವುದು ಆಗ ಮಾತ್ರ. ನಮ್ಮ ಮೀನು ಬಂದರು ಧಕ್ಕೆಯಲ್ಲಿ ಹರಾಜಿನ ಹೊತ್ತು ನೆನಪು ಮಾಡ್ಕೊಳ್ಳಿ. ಮಾರಾಟವೇ ನಿಂತರೆ ಹಿಡಿದಿಟ್ಟ ಮಾಲು ಕೊಳೆಯುವುದು ಏಕಸ್ವಾಮ್ಯದವನದ್ದೇ. ಮೂರೇ ದಿನದಲ್ಲಿ ನಿಷೇಧ ಹಿಂತೆಗೆದರು.

ಹಾಗೇ ತಳ್ಳುಗಾಡಿಗಳನ್ನು ಬೀದಿಯಿಂದ ಎತ್ತಿ ಒಳಾಂಗಣ ಮಾರುಕಟ್ಟೆಗೆ ಹಾಕಿದ್ದನ್ನೂ ಸೇರಿಸಿ: 1936ರಲ್ಲಿ ಪಾರ್ಕ್ ಅವೆನ್ಯೂ ರೈಲು ಸೇತುವೆಯ ಅಡಿ, 1940ರಲ್ಲಿ ಎಸೆಕ್ಸ್ ಸ್ಟ್ರೀಟ್. ಬೀದಿ ಚೊಕ್ಕ ಆಯಿತು, ಆದರೆ ಗಾಡಿಯವರಿಗೆಲ್ಲ ಒಳಗೆ ಜಾಗ ಸಿಗಲಿಲ್ಲ. ಬರೀ ಹೊಗಳಿಕೆ ಬೇಡ.

ಕದ್ರಿ_ಓದುಗ
ಥ್ಯಾಂಕ್ಸ್. ಏರ್‌ಪೋರ್ಟ್ ಅವರೇ ತಮ್ಮ ಹೆಸರಲ್ಲಿ ಕಟ್ಟಿಸಿದ್ದಾ?

ಲಾಲ್‌ಬಾಗ್_ಕಡತ
ಕಟ್ಟಿಸಿದ್ದು ಹೌದು. ಆದರೆ 1939ರ ಅಕ್ಟೋಬರ್‌ನಲ್ಲಿ ಉದ್ಘಾಟನೆ ಆದಾಗ ಹೆಸರು ‘ನ್ಯೂಯಾರ್ಕ್ ಮುನಿಸಿಪಲ್ ಏರ್‌ಪೋರ್ಟ್’, ‘ಲಾ ಗಾರ್ಡಿಯಾ’ ಸೇರಿದ್ದು ಆಮೇಲೆ. ಹಿನ್ನೆಲೆ 1934ರ ಜಗಳ: ಟಿಕೆಟ್‌ನಲ್ಲಿ ‘ನ್ಯೂಯಾರ್ಕ್’, ವಿಮಾನ ಇಳಿದದ್ದು ಪಕ್ಕದ ರಾಜ್ಯದ ನ್ಯೂವಾರ್ಕಿನಲ್ಲಿ. ಇವರು ಸೀಟಿನಿಂದ ಏಳಲೇ ಇಲ್ಲ, ಕೊನೆಗೆ ಬ್ರೂಕ್ಲಿನ್‌ನ ಫ್ಲಾಯ್ಡ್ ಬೆನೆಟ್ ಫೀಲ್ಡಿಗೆ ಹಾರಿಸಿ ಬಿಟ್ಟರು. ಆ ನಿಲ್ದಾಣ ಮ್ಯಾನ್‌ಹಟನ್‌ಗೆ ದೂರವಾದ್ದರಿಂದ ಕಂಪನಿಗಳು ಒಪ್ಪಲಿಲ್ಲ, ಹಾಗಾಗಿ ಕ್ವೀನ್ಸ್‌ನ ಕಡಲ ಬದಿಗೆ ಮಣ್ಣು ತುಂಬಿಸಿ ಹೊಸದು ಕಟ್ಟಿದರು.